ಎವರೆಸ್ಟ್: ಒಂದೇ ಬೆಟ್ಟ, ಹಲವು ಎತ್ತರ

ಎವರೆಸ್ಟ್ ಶಿಖರದ ಎತ್ತರ 8,848.86 ಮೀಟರ್. ನೇಪಾಳ ಮತ್ತು ಚೀನಾ ಸೇರಿ 2020ರ ಡಿಸೆಂಬರ್ 8ರಂದು ಈ ಅಂಕಿಯನ್ನು ಘೋಷಿಸಿದವು. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಹಳೆಯ 8,848ರ ಮುಂದೆ ಇನ್ನೆರಡು ಅಂಕಿ ಬರೆದುಕೊಂಡರು, ವಿಷಯ ಅಲ್ಲಿಗೆ ಮುಗಿಯಿತು. ಆದರೆ ಬಿಂದುವಿನ ಆಚೆಯ ಆ 86 ಸೆಂಟಿಮೀಟರನ್ನು ಒಪ್ಪಿಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳಿವೆ. ಎಲ್ಲಿಂದ ಅಳೆದದ್ದು? ಎಲ್ಲಿಯವರೆಗೆ? ಯಾರ ಉಪಯೋಗಕ್ಕೆ? ಸರ್ವೆಯವರ ಎವರೆಸ್ಟ್ ಒಂದು, ಭೂವಿಜ್ಞಾನಿಗಳದು ಇನ್ನೊಂದು, ಹತ್ತುವವರ ಶ್ವಾಸಕೋಶಕ್ಕೆ ಎದುರಾಗುವ ಎವರೆಸ್ಟ್ ಮತ್ತೊಂದು. ಈ ಕೊನೆಯದರ ಎತ್ತರ ಜನವರಿಯಲ್ಲಿ ಒಂದು, ಆಗಸ್ಟ್‌ನಲ್ಲಿ ಇನ್ನೊಂದು.

ಮೊದಲು ಸರ್ವೆಯವರದ್ದು. ಅದು ಶುರುವಾದದ್ದು ಹಿಮಾಲಯದ ಹತ್ತಿರವಲ್ಲ, ದಕ್ಷಿಣದಲ್ಲಿ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಸುಮಾರು ಹನ್ನೆರಡು ಕಿಲೋಮೀಟರ್ ಉದ್ದದ ನೇರ ಗೆರೆಯೊಂದನ್ನು ನೂರು ಅಡಿಯ ಉಕ್ಕಿನ ಸರಪಳಿಯಿಂದ ಅಳೆಸಿದರು. ಬಿಸಿಲಿಗೆ ಸರಪಳಿ ಹಿಗ್ಗುತ್ತದೆ. ಅದಕ್ಕೆ ನೆರಳು ಮಾಡಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಹಿಗ್ಗಿದ್ದನ್ನು ಲೆಕ್ಕದಲ್ಲಿ ಕಳೆಯಬೇಕು. ಆ ಒಂದು ಗೆರೆಯ ಉದ್ದ ಕೈಗೆ ಸಿಕ್ಕರೆ ಮುಂದೆ ನೆಲ ಅಳೆಯುವ ಗೊಡವೆಯಿಲ್ಲ. ಗುಡ್ಡದಿಂದ ಗುಡ್ಡಕ್ಕೆ ಕೋನ ಹಿಡಿಯುತ್ತ, ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತ ಹೋದರೆ ದೂರಗಳೆಲ್ಲ ಲೆಕ್ಕದಿಂದಲೇ ಬರುತ್ತವೆ. ಹೀಗೆ ಬಂದದ್ದು ಸರಿಯೇ ಎಂದು ತಾಳೆ ನೋಡಿದ್ದು ಬೆಂಗಳೂರಿನಲ್ಲಿ. 1804ರಲ್ಲಿ ಇಲ್ಲಿ ಇನ್ನೊಂದು ಗೆರೆಯನ್ನು ಮತ್ತೆ ಸರಪಳಿ ಹಿಡಿದೇ ಅಳೆದರು. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಬಂದ ಉದ್ದಕ್ಕೂ ಬೆಂಗಳೂರಿನ ನೆಲದ ಮೇಲೆ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಇಂಚಿಗೂ ಕಡಿಮೆ. ವಿಧಾನದ ಮೇಲೆ ನಂಬಿಕೆ ಕುದುರಿದ ಮೇಲೇ ತ್ರಿಕೋನಗಳು ಉತ್ತರದ ದಾರಿ ಹಿಡಿದದ್ದು.

ಅರ್ಧ ಶತಮಾನದಲ್ಲಿ ಆ ಬಲೆ ಬಿಹಾರದ ಬಯಲು ಮುಟ್ಟಿತು. ಅದರಾಚೆ ನೇಪಾಳ, ಸರ್ವೆಯವರಿಗೆ ಪ್ರವೇಶವಿಲ್ಲ. ಹಾಗಾಗಿ 1849–50ರಲ್ಲಿ ಜೇಮ್ಸ್ ನಿಕೋಲ್ಸನ್ ಬಯಲಿನ ಆರು ಠಾಣೆಗಳಿಂದ, 174ರಿಂದ 191 ಕಿಲೋಮೀಟರ್ ದೂರದಲ್ಲಿ ನಿಂತೇ, ಮುಂದೆ ‘ಪೀಕ್ 15’ ಎಂದು ಪಟ್ಟಿ ಸೇರಿದ ಶಿಖರದ ಕಡೆ ಕೋನ ಅಳೆಯುವ ಯಂತ್ರವಾದ ಥಿಯೊಡೊಲೈಟನ್ನು ತಿರುಗಿಸಿದರು. ಅಷ್ಟು ದೂರಕ್ಕೆ ಎವರೆಸ್ಟ್ ಭಾರಿಯಾಗೇನೂ ಕಾಣುವುದಿಲ್ಲ. ದಿಗಂತದಿಂದ ಎರಡು ಡಿಗ್ರಿ ಚಿಲ್ಲರೆ ಮೇಲೆ, ಮುಂದಿನ ಬೆಟ್ಟಗಳ ಸಂದಿಯಲ್ಲಿ ಇಣುಕುವ ಒಂದು ತುದಿ, ಅಷ್ಟೆ. 175 ಕಿಲೋಮೀಟರ್ ದೂರಕ್ಕೆ ಭೂಮಿಯ ಬಾಗು ಸುಮಾರು 2,400 ಮೀಟರ್. ಬೆಟ್ಟದ ಕಾಲುಭಾಗಕ್ಕೂ ಹೆಚ್ಚು ಆ ಬಾಗಿನ ಹಿಂದೆ ಮುಳುಗಿರುತ್ತದೆ. ಇನ್ನೊಂದು ಕಡೆ ನಡುವಿನ ಗಾಳಿ ಬೆಳಕನ್ನು ಬಗ್ಗಿಸಿ, ತುದಿಯನ್ನು ಇರುವುದಕ್ಕಿಂತ ಮುನ್ನೂರು ಮೀಟರ್‌ಗೂ ಮೇಲೆ ಎತ್ತಿ ತೋರಿಸುತ್ತದೆ. ಈ ಬಗ್ಗುವಿಕೆ ದಿನವಿಡೀ ಒಂದೇ ಇರುವುದಿಲ್ಲ, ಗಾಳಿಯ ಬಿಸಿಯನ್ನು ನೋಡಿಕೊಂಡು ಬದಲಾಗುತ್ತದೆ. ಇನ್ನು ಕೋನದಲ್ಲಿ ಒಂದು ಆರ್ಕ್ ಸೆಕೆಂಡ್, ಅಂದರೆ ಡಿಗ್ರಿಯನ್ನು 3,600 ಪಾಲು ಮಾಡಿದರೆ ಅದರಲ್ಲೊಂದು ಪಾಲು, ತಪ್ಪಿದರೂ ತುದಿಯಲ್ಲಿ 85 ಸೆಂಟಿಮೀಟರ್ ಏರುಪೇರು.

ಆರು ಠಾಣೆಗಳಿಂದ ಆರು ಎತ್ತರ ಬಂದವು. ಇಲ್ಲಿ ಎಲ್ಲರೂ ಹೇಳುವ ಒಂದು ಕಥೆ ಉಂಟು. ಸರಾಸರಿ ಸರಿಯಾಗಿ 29,000 ಅಡಿ ಬಂತಂತೆ. ಇಷ್ಟು ದುಂಡು ಸಂಖ್ಯೆ ಕೊಟ್ಟರೆ ಜನ ಅಂದಾಜೆಂದು ತಿಳಿದಾರು ಎಂದು ಸರ್ವೇಯರ್ ಜನರಲ್ ಆಂಡ್ರ್ಯೂ ವಾ ಎರಡು ಅಡಿ ಸೇರಿಸಿ 29,002 ಮಾಡಿದರಂತೆ. ಕಥೆ ಸೊಗಸಾಗಿದೆ, ಆದರೆ ಕೂಡುವ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಸರ್ವೆ ಇಲಾಖೆ ಮುಂದೆ ಪ್ರಕಟಿಸಿದ ಆರು ಅಂಕಿಗಳು ಇವು: 28,991.6, 29,005.3, 29,001.8, 28,998.6, 29,026.1, 28,990.4. ಕೂಡಿ ಆರರಿಂದ ಭಾಗಿಸಿದರೆ 29,002.3 ಬರುತ್ತದೆ. ಯಾರೂ ಏನನ್ನೂ ಸೇರಿಸಬೇಕಾಗಿರಲಿಲ್ಲ. ಗಣಿತಜ್ಞ ರಾಧಾನಾಥ ಸಿಕ್ದರ್ 1852ರಲ್ಲಿ ವಾ ಅವರ ಕೋಣೆಗೆ ಓಡಿಬಂದು “ಜಗತ್ತಿನ ಅತಿ ಎತ್ತರದ ಶಿಖರ ಸಿಕ್ಕಿತು” ಎಂದರೆಂಬ ಇನ್ನೊಂದು ಕಥೆಗೂ ಕಾಲು ಗಟ್ಟಿಯಿಲ್ಲ. ಆ ಹೊತ್ತಿಗೆ ಸಿಕ್ದರ್ ಇದ್ದದ್ದು ಕಲ್ಕತ್ತೆಯಲ್ಲಿ, ವಾ ಅವರ ಕಚೇರಿ ಡೆಹ್ರಾಡೂನ್‌ನಲ್ಲಿ. ಲೆಕ್ಕದಲ್ಲಿ ಸಿಕ್ದರ್ ಅವರ ಪಾಲು ದೊಡ್ಡದು. ಅದನ್ನು ಹೇಳಲು ನಾಟಕ ಬೇಕಿಲ್ಲ. 1856ರಲ್ಲಿ ವಾ ಅಂಕಿಯನ್ನು ಪ್ರಕಟಿಸಿ, ತಮ್ಮ ಹಿಂದಿನ ಅಧಿಕಾರಿ ಜಾರ್ಜ್ ಎವರೆಸ್ಟ್ ಹೆಸರನ್ನು ಶಿಖರಕ್ಕೆ ಸೂಚಿಸಿದರು. 1843ರಲ್ಲೇ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ್ದ ಎವರೆಸ್ಟ್ ಈ ಹೆಸರು ಬೇಡವೆಂದರೂ ಅದೇ ನಿಂತಿತು.

ಹಳೆಯ ಅಂಕಿಗೂ ಇಂದಿನದಕ್ಕೂ ಇರುವ ಅಂತರ ಒಂಬತ್ತು ಮೀಟರ್ ಮಾತ್ರ. ಇದನ್ನು ನೋಡಿ ಆ ಕಾಲದವರ ಕೈ ಎಷ್ಟು ಖಚಿತವಾಗಿತ್ತು ಎಂದು ಹೊಗಳುವುದುಂಟು. ಹೊಗಳಿಕೆ ಅರ್ಧ ಮಾತ್ರ ಸರಿ. ಬೆಳಕಿನ ಬಾಗನ್ನು ತಿದ್ದುವಾಗ ಅವರು ಬೇಕಾದ್ದಕ್ಕಿಂತ ಹೆಚ್ಚು ಕಳೆದಿದ್ದರು. ಅದರಿಂದ ಶಿಖರ ತಗ್ಗಿತು. ಬೆಟ್ಟದಡಿಯ ಸಮುದ್ರಮಟ್ಟ ಎಲ್ಲಿದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅದರಿಂದ ಶಿಖರ ಏರಿತು. ಒಂದು ತಪ್ಪು ಇನ್ನೊಂದನ್ನು ಹೊಡೆದುಹಾಕಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದೇ ಸರ್ವೆ ಇಲಾಖೆಯ ಸಿಡ್ನಿ ಬರಾರ್ಡ್ ಬೆಳಕಿನ ತಿದ್ದುಪಡಿಯೊಂದನ್ನೇ ಸರಿಮಾಡಿದಾಗ ಎತ್ತರ 29,141 ಅಡಿಗೆ ಜಿಗಿಯಿತು. ಲೆಕ್ಕ ಸುಧಾರಿಸಿತು, ಉತ್ತರ ಕೆಟ್ಟಿತು. ಎಷ್ಟೋ ವರ್ಷ ನಕ್ಷೆಗಳಲ್ಲಿ ಆ 29,141 ಕೂತಿತ್ತು. ಎರಡನ್ನೂ ಒಟ್ಟಿಗೆ ಸರಿಪಡಿಸಿ, ನೇಪಾಳದೊಳಗಿಂದಲೇ ಹತ್ತಿರದಿಂದ ನೋಡಿ, 8,848 ಮೀಟರ್ ಎಂದು ತೀರ್ಮಾನಿಸಿದ್ದು 1950ರ ದಶಕದ ಭಾರತೀಯ ಸರ್ವೇಕ್ಷಣ ಇಲಾಖೆ, ಬಿ. ಎಲ್. ಗುಲಾಟಿ ಅವರ ನೇತೃತ್ವದಲ್ಲಿ.

ಈ ಸಮುದ್ರಮಟ್ಟದ ತೊಡಕನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಎವರೆಸ್ಟ್ ಅಳೆಯುವ ಕೆಲಸದಲ್ಲಿ ನಿಜವಾದ ಪಡಿಪಾಟಲು ಅಲ್ಲೇ ಇರುವುದು. ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ನೋಡಲು ಇಳಿಬಿಡುವ ತೂಗುಗುಂಡು ಭೂಮಿಯ ಕೇಂದ್ರದ ಕಡೆಗೇ ಎಳೆಯುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಪಕ್ಕದಲ್ಲಿ ದೊಡ್ಡ ಬೆಟ್ಟವಿದ್ದರೆ ಗುಂಡು ಅದರ ಕಡೆ ಕೂದಲೆಳೆಯಷ್ಟು ವಾಲುತ್ತದೆ. ಥಿಯೊಡೊಲೈಟನ್ನು ಮಟ್ಟ ಮಾಡುವುದೂ ಇದೇ ಗುರುತ್ವವನ್ನು ನಂಬಿ. ಮಧ್ಯಪ್ರದೇಶದ ಕಲ್ಯಾಣಪುರ ಮತ್ತು ಉತ್ತರದ ಕಲಿಯಾನಾ, ಸುಮಾರು ಆರುನೂರು ಕಿಲೋಮೀಟರ್ ಅಂತರದ ಈ ಎರಡು ಠಾಣೆಗಳ ನಡುವಿನ ಅಕ್ಷಾಂಶ ವ್ಯತ್ಯಾಸವನ್ನು ತ್ರಿಕೋನಗಳಿಂದ ಒಮ್ಮೆ, ನಕ್ಷತ್ರ ನೋಡಿ ಒಮ್ಮೆ ಲೆಕ್ಕ ಹಾಕಿದಾಗ 5.236 ಆರ್ಕ್ ಸೆಕೆಂಡ್ ತಾಳೆಯಾಗಲಿಲ್ಲ. ನೆಲದ ಮೇಲೆ ಅದು ಸುಮಾರು 160 ಮೀಟರ್. ಹಿಮಾಲಯ ಗುಂಡನ್ನು ಎಳೆದಿರಬೇಕೆಂದು ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಪ್ರ್ಯಾಟ್ ಬೆಟ್ಟಗಳ ತೂಕ ಅಂದಾಜಿಸಿ ಲೆಕ್ಕ ಮಾಡಿದರು. ಬರಬೇಕಾಗಿದ್ದದ್ದು 15.885 ಸೆಕೆಂಡ್! ಕಣ್ಣಿಗೆ ಕಾಣುವಷ್ಟು ಬೆಟ್ಟ ಎಳೆಯಬೇಕಾದಷ್ಟು ಎಳೆಯುತ್ತಿಲ್ಲ. ಮೂರರಲ್ಲಿ ಒಂದು ಪಾಲು ಮಾತ್ರ.

ಇದಕ್ಕೆ 1855ರಲ್ಲೇ ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ (Airy) ಉತ್ತರ ಕೊಟ್ಟರು. ನೀರಿನಲ್ಲಿ ತೇಲುವ ಮರದ ದಿಮ್ಮಿಗಳಲ್ಲಿ ಯಾವುದು ಹೆಚ್ಚು ಮೇಲೆದ್ದಿದೆಯೋ ಅದು ಹೆಚ್ಚು ಆಳಕ್ಕೂ ಮುಳುಗಿರುತ್ತದೆ ಎಂಬುದು ಅವರೇ ಕೊಟ್ಟ ಹೋಲಿಕೆ. ಬೆಟ್ಟದ ಕೆಳಗೆ ಹಗುರ ಕಲ್ಲಿನ ಬೇರು ಆಳಕ್ಕೆ ಇಳಿದಿದೆ, ಅಲ್ಲಿ ಇರಬೇಕಾಗಿದ್ದ ಭಾರದ ಕಲ್ಲು ಪಕ್ಕಕ್ಕೆ ಸರಿದಿದೆ; ಆದ್ದರಿಂದ ಸೆಳೆತ ಕಡಿಮೆ. ಭೂಮಿಯ ತೊಗಟೆ ಖಂಡಗಳಲ್ಲಿ ಸಾಮಾನ್ಯವಾಗಿ 35 ಕಿಲೋಮೀಟರ್ ಆಸುಪಾಸು ದಪ್ಪ, ಟಿಬೆಟ್‌ನಡಿ ಅದು 70ರ ಹತ್ತಿರ. ಬೆಟ್ಟಗಳಿಗೆ ಬೇರಿದೆ ಎಂಬ ತಿಳಿವಳಿಕೆ ಬಂದದ್ದು ಹೀಗೆ, ಸರ್ವೆಯ ಒಂದು ತಾಳೆ ತಪ್ಪಿದ ಲೆಕ್ಕದಿಂದ.

ಗುರುತ್ವ ಎಲ್ಲೆಡೆ ಒಂದೇ ಇಲ್ಲವೆಂದ ಮೇಲೆ ಸಮುದ್ರದ ಮೇಲ್ಮೈಯೂ ಮಟ್ಟಸವಾಗಿರಲು ಸಾಧ್ಯವಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಹಿಂದೂ ಮಹಾಸಾಗರ ನೂರು ಮೀಟರ್‌ಗೂ ಹೆಚ್ಚು ತಗ್ಗಿದೆ. ಹಡಗಿನಲ್ಲಿ ಹೋಗುವವರಿಗೆ ಗೊತ್ತಾಗದು, ಏಕೆಂದರೆ ಅವರ ಮಟ್ಟವೂ ಅದೇ ಗುರುತ್ವ. ಈ ತಗ್ಗಿಗೆ ಕಾರಣ ಏನೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್ 2023ರಲ್ಲಿ ಒಂದು ವಿವರಣೆ ಪ್ರಕಟಿಸಿದರು. ಭಾರತ ಉತ್ತರಕ್ಕೆ ಸರಿಯುವಾಗ ಅದರ ಮುಂದಿದ್ದ ಟೆಥಿಸ್ ಸಾಗರದ ತಳ ಭೂಮಿಯೊಳಗೆ ಮುಳುಗಿತು. ಆ ಚಪ್ಪಡಿಗಳು ಆಳದಲ್ಲಿ ಆಫ್ರಿಕಾದ ಅಡಿಯ ಬಿಸಿ ರಾಶಿಯನ್ನು ಕದಡಿ, ಹಗುರವಾದ ಬಿಸಿ ಕಲ್ಲನ್ನು ನಮ್ಮ ಸಾಗರದಡಿಗೆ ಎಬ್ಬಿಸಿದವು ಎಂಬುದು ಅದರ ಸಾರ. ಟೆಥಿಸ್ ಹೆಸರನ್ನು ಹಾಗೇ ನೆನಪಿಟ್ಟುಕೊಳ್ಳಿ, ಅದೇ ಸಾಗರ ಎವರೆಸ್ಟ್‌ನ ತುದಿಯಲ್ಲಿ ಮತ್ತೆ ಸಿಗುತ್ತದೆ.

ಎವರೆಸ್ಟ್‌ನಡಿ ಸಮುದ್ರವೇ ಇಲ್ಲ. ಬಂಗಾಳ ಕೊಲ್ಲಿಯಿಂದ ಬೆಟ್ಟದ ಬುಡದೊಳಕ್ಕೆ ಕಾಲುವೆ ತೋಡಿದರೆ ನೀರು ಎಲ್ಲಿ ನಿಲ್ಲುತ್ತದೋ ಅದೇ ಅಲ್ಲಿನ ಸಮುದ್ರಮಟ್ಟ ಎಂದು ಕಲ್ಪಿಸಿಕೊಳ್ಳಬೇಕು, ಸುತ್ತಲ ಗುರುತ್ವ ಅಳೆದು ಆ ಮಟ್ಟವನ್ನು ಲೆಕ್ಕ ಹಾಕಬೇಕು. ತುದಿಯ ಮೇಲೆ ಉಪಗ್ರಹ ರಿಸೀವರ್ ಇಟ್ಟರೆ ಎತ್ತರ ತಾನಾಗಿ ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ರಿಸೀವರ್ ಕೊಡುವುದು ಗಣಿತದ ನುಣುಪು ಭೂಮಿಯಿಂದ ಇರುವ ಎತ್ತರ. ಅದರಿಂದ ಈ ಕಲ್ಪಿತ ನೀರಿನ ಮಟ್ಟವನ್ನು ಹೊಂದಿಸಿ ಕಳೆದ ಮೇಲೇ ಪಠ್ಯಪುಸ್ತಕದ ಎತ್ತರ ಸಿಗುವುದು. ತುದಿಗೆ ಹೋಗುವುದು ಇಡೀ ಕೆಲಸದ ಚಿಕ್ಕ ಭಾಗ. ಕಣಿವೆಗಳಲ್ಲಿ ತಿಂಗಳುಗಟ್ಟಲೆ ಗುರುತ್ವ ಮತ್ತು ಮಟ್ಟ ಅಳೆಯುವುದೇ ದೊಡ್ಡದು. ಹಾಗೆಂದು ತುದಿಯ ಕೆಲಸ ಸಲೀಸೇನಲ್ಲ. ನೇಪಾಳದ ಸರ್ವೇಯರ್ ಖಿಮ್‌ಲಾಲ್ ಗೌತಮ್ ಮತ್ತು ಜೊತೆಗಾರರು 2019ರ ಮೇ 22ರ ನಸುಕಿನ ಮೂರು ಗಂಟೆಗೆ ತುದಿ ಮುಟ್ಟಿದರು. ಬೇಕೆಂದೇ ಕತ್ತಲಲ್ಲಿ ಹೋದದ್ದು, ಹಗಲಾದರೆ ಜನಜಂಗುಳಿ. ಬೇರೆಯವರು ಫೋಟೊ ತೆಗೆಸಿಕೊಂಡು ಇಳಿಯುವ ಜಾಗದಲ್ಲಿ ಒಂದು ಗಂಟೆಗೂ ಹೆಚ್ಚು ನಿಂತು ರಿಸೀವರ್ ನಡೆಸಿದರು, ಹಿಮದ ದಪ್ಪ ತಿಳಿಯಲು ರಾಡಾರ್ ಓಡಿಸಿದರು. ಗೌತಮ್ ಹಿಮಗಡಿತಕ್ಕೆ ಒಂದು ಕಾಲ್ಬೆರಳು ಕಳೆದುಕೊಂಡರು. ಮರುವರ್ಷ ಮೇ 27ರಂದು, ಕೋವಿಡ್‌ನಿಂದ ಬೆಟ್ಟ ಖಾಲಿಯಿದ್ದಾಗ, ಚೀನಾದ ತಂಡ ಉತ್ತರದ ಕಡೆಯಿಂದ ಹತ್ತಿ ತನ್ನ ಅಳತೆ ಮುಗಿಸಿತು.

ಹಿಮದ ದಪ್ಪ ಏಕೆ ಬೇಕಿತ್ತೆಂದರೆ, ಎರಡು ದೇಶಗಳ ಜಗಳ ಇದ್ದದ್ದೇ ಅಲ್ಲಿ. 2005ರಲ್ಲಿ ಚೀನಾ ಕಲ್ಲಿನ ತುದಿಯವರೆಗೆ ಅಳೆದು 8,844.43 ಮೀಟರ್ ಎಂದಿತು; ಮೇಲೆ ಮೂರೂವರೆ ಮೀಟರ್ ಹಿಮವಿದೆ, ಅದು ಬೆಟ್ಟವಲ್ಲ ಎಂಬ ವಾದ. ನೇಪಾಳ ಹಿಮ ಸೇರಿಸಿ 8,848 ಎನ್ನುತ್ತಿತ್ತು. 2020ರ ಅಂಕಿ ಹಿಮ ಸೇರಿಸಿದ್ದು. ಗಾಳಿಗೆ ಹಾರಿ ಹೋಗುವ, ಮಳೆಗಾಲದಲ್ಲಿ ಮತ್ತೆ ಸೇರುವ ಹಿಮದ ನೆತ್ತಿಯನ್ನು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳುವುದರಲ್ಲಿ ವಿಜ್ಞಾನಕ್ಕಿಂತ ರಾಜತಾಂತ್ರಿಕತೆಯೇ ಹೆಚ್ಚು ಎನ್ನಿಸಿದರೆ ತಪ್ಪಿಲ್ಲ.

ಸಮುದ್ರಮಟ್ಟ ಬಿಟ್ಟು ಬೇರೆ ಕಡೆಯಿಂದ ಅಳೆದರೆ ಎವರೆಸ್ಟ್ ಮೊದಲ ಸ್ಥಾನದಲ್ಲೇ ಇರುವುದಿಲ್ಲ. ಭೂಮಿಯ ಕೇಂದ್ರದಿಂದ ಅತಿ ದೂರದ ನೆಲ ಈಕ್ವೆಡಾರ್‌ನ ಚಿಂಬೊರಾಜೊ ಶಿಖರ. 6,263 ಮೀಟರ್‌ನ ಬೆಟ್ಟವಾದರೂ ಸಮಭಾಜಕದ ಬಳಿ ಭೂಮಿ ಉಬ್ಬಿರುವುದರಿಂದ ಎವರೆಸ್ಟ್‌ಗಿಂತ ಎರಡು ಕಿಲೋಮೀಟರ್ ಮುಂದಿದೆ. ಬುಡದಿಂದ ತುದಿಯವರೆಗೆ ಅಂದರೆ ಹವಾಯಿಯ ಮೌನಾ ಕಿಯಾ, ಸಾಗರ ತಳದಿಂದ ಹತ್ತು ಕಿಲೋಮೀಟರ್‌ಗೂ ಹೆಚ್ಚು. ಎವರೆಸ್ಟ್‌ನದು ಟಿಬೆಟ್ ಕಡೆಯ ನೆಲದಿಂದ ಮೂರೂವರೆ ಸಾವಿರ ಮೀಟರ್ ಚಿಲ್ಲರೆ ಮಾತ್ರ. ಇವು ಕ್ವಿಜ್ ಪ್ರಶ್ನೆಗೆ ಚೆನ್ನ, ಇಲ್ಲಿಗೆ ಸಾಕು.

ತುದಿಯ ಕಲ್ಲು ಇದಕ್ಕಿಂತ ಸ್ವಾರಸ್ಯದ್ದು. ಜಗತ್ತಿನ ನೆತ್ತಿಯಲ್ಲಿರುವುದು ಗ್ರಾನೈಟ್ ಅಲ್ಲ, ಸುಣ್ಣಕಲ್ಲು. 45 ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಬೆಚ್ಚಗಿನ ಸಮುದ್ರದಲ್ಲಿ ಶೇಖರವಾದ ಕೆಸರು ಅದು. ಸೂಕ್ಷ್ಮದರ್ಶಕದಡಿ ಇಟ್ಟರೆ ಟ್ರೈಲೊಬೈಟ್, ಕ್ರಿನಾಯ್ಡ್‌ಗಳಂಥ ಕಡಲಜೀವಿಗಳ ಚಿಪ್ಪಿನ ಚೂರುಗಳು ಕಾಣುತ್ತವೆ. ಭಾರತದ ಉತ್ತರ ಅಂಚಿನ ಈ ಕಡಲ ಕೆಸರು ಮುಂದೆ ಟೆಥಿಸ್ ಸಾಗರದ ದಂಡೆಯಾಯಿತು, ಸುಮಾರು ಐದು ಕೋಟಿ ವರ್ಷಗಳ ಹಿಂದೆ ಭಾರತ ಏಷ್ಯಾಕ್ಕೆ ಗುದ್ದಿದ ಮೇಲೆ ಮೇಲೆದ್ದಿತು. ಅದರಡಿ 8,200ರಿಂದ 8,600 ಮೀಟರ್‌ಗಳ ನಡುವೆ ಬೆಟ್ಟಕ್ಕೆ ಕಟ್ಟಿದ ಪಟ್ಟಿಯಂತೆ ಹಳದಿ ಬಣ್ಣದ ಅಮೃತಶಿಲೆಯ ಪದರ, ಇನ್ನೂ ಕೆಳಗೆ 7,000 ಮೀಟರ್‌ಗಿಂತ ತಗ್ಗಿನಲ್ಲಿ ಬೆಂದು ಬದಲಾದ ನೈಸ್ ಶಿಲೆ, ಅದರೊಳಗೆ ನುಗ್ಗಿದ ಗ್ರಾನೈಟ್. ಅಂದರೆ ಗ್ರಾನೈಟ್ ಬುಡದಲ್ಲಿ, ಕಡಲ ತಳ ತುದಿಯಲ್ಲಿ.

ಪದರಗಳೆಲ್ಲ ಉತ್ತರಕ್ಕೆ ವಾಲಿವೆ. ಇದರ ಪರಿಣಾಮ ಹತ್ತುವವರಿಗೆ ನೇರವಾಗಿ ತಟ್ಟುತ್ತದೆ. ಟಿಬೆಟ್ ಕಡೆಯ ಮುಖದಲ್ಲಿ ಚಪ್ಪಡಿಗಳು ಮಾಡಿಗೆ ಹೊದಿಸಿದ ಹೆಂಚಿನಂತೆ ಹೊರಗಡೆಗೆ ಇಳಿಜಾರು. ಕಾಲಿಡಲು ಅಂಚು ಸಿಕ್ಕರೂ ಅದು ಒಳಕ್ಕೆ ಹಿಡಿಯುವ ಬದಲು ಹೊರಕ್ಕೆ ತಳ್ಳುತ್ತದೆ, ಮೇಲೆ ತೆಳು ಹಿಮಪುಡಿ ಬೇರೆ. 1924ರಲ್ಲಿ ಎಡ್ವರ್ಡ್ ನಾರ್ಟನ್ ಆಮ್ಲಜನಕದ ಸಿಲಿಂಡರ್ ಇಲ್ಲದೆ 8,570 ಮೀಟರ್‌ವರೆಗೆ ಹೋಗಿ ಹಿಂದಿರುಗಿದ್ದು ಇಂಥ ಹೆಂಚುಗಳ ಮೇಲಿಂದಲೇ. ಸಿಲಿಂಡರ್ ಇಲ್ಲದೆ ಅದಕ್ಕಿಂತ ಮೇಲೆ ಹೋಗಿಬಂದದ್ದು ಖಚಿತವಾಗಲು 54 ವರ್ಷ ಬೇಕಾಯಿತು.

ಬೆಟ್ಟ ಇನ್ನೂ ಬೆಳೆಯುತ್ತಿದೆ, ವರ್ಷಕ್ಕೆ ಕೆಲವು ಮಿಲಿಮೀಟರ್. ಎಲ್ಲವೂ ಭೂಫಲಕಗಳ ಗುದ್ದಿನಿಂದಲೇ ಅಲ್ಲ. 2024ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸುಮಾರು 89,000 ವರ್ಷಗಳ ಹಿಂದೆ ಅರುಣ್ ನದಿ ಇನ್ನೊಂದು ನದಿಯ ನೀರನ್ನು ತನ್ನತ್ತ ಸೆಳೆದುಕೊಂಡು, ಪಕ್ಕದ ಕಣಿವೆಯನ್ನು ಜೋರಾಗಿ ಕೊರೆಯತೊಡಗಿತು. ಹೀಗೆ ಭಾರ ಇಳಿದ ನೆಲ ಮೇಲೆದ್ದು ಎವರೆಸ್ಟ್‌ಗೆ 15ರಿಂದ 50 ಮೀಟರ್ ಎತ್ತರ ಸೇರಿಸಿದೆ. ಇದೂ ಜಾರ್ಜ್ ಏರಿ ಹೇಳಿದ ದಿಮ್ಮಿಯ ತತ್ವವೇ. 2015ರ ನೇಪಾಳ ಭೂಕಂಪದಲ್ಲಿ ಎವರೆಸ್ಟ್ ಕುಸಿಯಿತೆಂಬ ಸುದ್ದಿ ಹಬ್ಬಿತ್ತು. ಚೀನಾದ ಸರ್ವೆ ಇಲಾಖೆಯ ಅಳತೆಯಲ್ಲಿ ಶಿಖರ ನೈಋತ್ಯಕ್ಕೆ ಮೂರು ಸೆಂಟಿಮೀಟರ್ ಸರಿದಿತ್ತು, ಎತ್ತರ ಬದಲಾಗಿರಲಿಲ್ಲ.

ಇನ್ನು ಶ್ವಾಸಕೋಶದ ಎವರೆಸ್ಟ್. ಮೇಲೆ ಆಮ್ಲಜನಕ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ಪ್ರಮಾಣ ಕಡಿಮೆಯಲ್ಲ, ತುದಿಯಲ್ಲೂ ಗಾಳಿಯ ಶೇ 21ರಷ್ಟು ಆಮ್ಲಜನಕವೇ. ಕಡಿಮೆಯಿರುವುದು ಒತ್ತಡ. 1981ರ ಅಕ್ಟೋಬರ್ 24ರಂದು ಅಮೆರಿಕದ ವೈದ್ಯಕೀಯ ತಂಡದ ಕ್ರಿಸ್ ಪಿಜ್ಜೊ ತುದಿಯಲ್ಲೇ ಅಳೆದಾಗ ಪಾದರಸದ 253 ಮಿಲಿಮೀಟರ್ ಬಂತು. ಸಮುದ್ರಮಟ್ಟದಲ್ಲಿ 760. ನಾವು ಎಳೆದ ಗಾಳಿ ಶ್ವಾಸನಾಳದಲ್ಲಿ ಬೆಚ್ಚಗಾಗಿ ತೇವವಾಗುತ್ತದೆ. ಆ ತೇವ ಎಲ್ಲಿದ್ದರೂ 47 ಮಿಲಿಮೀಟರ್ ಜಾಗ ಹಿಡಿಯುತ್ತದೆ. ಕಡಲ ದಂಡೆಯಲ್ಲಿ 760ರಲ್ಲಿ 47 ಹೋದರೆ ಲೆಕ್ಕಕ್ಕಿಲ್ಲ, ಆಮ್ಲಜನಕಕ್ಕೆ 149 ಮಿಲಿಮೀಟರ್ ಉಳಿಯುತ್ತದೆ. ತುದಿಯಲ್ಲಿ 253ರಲ್ಲಿ ಅದೇ 47 ಕಳೆದರೆ 206. ಅದರಲ್ಲಿ ಆಮ್ಲಜನಕದ ಪಾಲು 43. ಮೂರನೇ ಒಂದು ಎಂದು ಹೇಳುವುದೂ ಉದಾರವೇ.

ಆ 253ರಲ್ಲೂ ಒಂದು ಅಚ್ಚರಿಯಿತ್ತು. ವಿಮಾನದವರು ಬಳಸುವ ಪ್ರಮಾಣಿತ ಕೋಷ್ಟಕದ ಪ್ರಕಾರ ಅಷ್ಟೆತ್ತರದಲ್ಲಿ 236 ಮಾತ್ರ ಇರಬೇಕು. ಹೆಚ್ಚುವರಿ 17 ಎಲ್ಲಿಂದ ಬಂತು? ಅಕ್ಷಾಂಶದಿಂದ. ಸಮಭಾಜಕದ ಕಡೆ ಬಿಸಿ ಗಾಳಿಯ ಪದರ ದಪ್ಪ, ಧ್ರುವದ ಕಡೆ ತೆಳು. ಎವರೆಸ್ಟ್ ಇರುವುದು 28 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ದೆಹಲಿಯ ಅಕ್ಷಾಂಶ. ಆ ಎತ್ತರದಲ್ಲಿ 17 ಮಿಲಿಮೀಟರ್ ಅಂದರೆ ಐನೂರು ಮೀಟರ್‌ನ ಹತ್ತಿರ ಹತ್ತಿ ಇಳಿದಷ್ಟು ವ್ಯತ್ಯಾಸ. ಇದೇ ಬೆಟ್ಟ ಅಲಾಸ್ಕಾದ ಡೆನಾಲಿಯ 63 ಡಿಗ್ರಿಯಲ್ಲಿ ಇದ್ದಿದ್ದರೆ ಸಿಲಿಂಡರ್ ಇಲ್ಲದೆ ಹತ್ತುವುದು ಬಹುಶಃ ಆಗುತ್ತಲೇ ಇರಲಿಲ್ಲ. ಋತುವಿನ ಲೆಕ್ಕವೂ ಹೀಗೇ: ಜನವರಿಯಲ್ಲಿ 243, ಜುಲೈ–ಆಗಸ್ಟ್‌ನಲ್ಲಿ 255ರ ಸಮೀಪ. ಉಸಿರಿನ ಮಟ್ಟಿಗೆ ಚಳಿಗಾಲದ ಎವರೆಸ್ಟ್ ಮುನ್ನೂರು ಮೀಟರ್‌ಗೂ ಹೆಚ್ಚು ಎತ್ತರ. ರೈನ್‌ಹೋಲ್ಡ್ ಮೆಸ್ನರ್ ಒಬ್ಬರೇ, ಆಮ್ಲಜನಕವಿಲ್ಲದೆ ಹತ್ತಿದ್ದು 1980ರ ಆಗಸ್ಟ್ 20ರಂದು, ನಡು ಮಳೆಗಾಲದಲ್ಲಿ. ಚಳಿಗಾಲದಲ್ಲಿ ಸಿಲಿಂಡರ್ ಇಲ್ಲದೆ ತುದಿ ಮುಟ್ಟಿದ್ದು ಆಂಗ್ ರೀಟಾ ಶೆರ್ಪಾ ಮಾತ್ರ, 1987ರ ಡಿಸೆಂಬರ್ 22ರಂದು. ದಾಖಲೆಗಳ ಪಟ್ಟಿಯಲ್ಲಿ ಈ ಹೆಸರು ಇನ್ನೂ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು.

ರಕ್ತದಲ್ಲಿ ಇದು ಹೇಗೆ ಕಾಣುತ್ತದೆ ಎಂದು 2007ರ ಮೇನಲ್ಲಿ ಬ್ರಿಟಿಷ್ ವೈದ್ಯರ ತಂಡವೊಂದು ನೋಡಿತು. ತುದಿಯಲ್ಲೇ ರಕ್ತ ತೆಗೆಯುವ ಯೋಜನೆಯನ್ನು ಚಳಿಗಾಳಿ ಕೆಡಿಸಿತು. 8,400 ಮೀಟರ್‌ಗೆ ಇಳಿದು, ಮಾಸ್ಕ್ ತೆಗೆದು ಇಪ್ಪತ್ತು ನಿಮಿಷ ಕಾದು, ಬಟ್ಟೆಯ ಪದರಗಳನ್ನು ಸರಿಸಿ ತೊಡೆಸಂದಿಯ ಅಪಧಮನಿಗೆ ಸೂಜಿ ಚುಚ್ಚಿದರು. ಸಿರಿಂಜ್‌ಗಳನ್ನು ಐಸ್‌ನೀರಿನಲ್ಲಿಟ್ಟು ಶೆರ್ಪಾ ಒಬ್ಬರು ಎರಡು ಗಂಟೆಯೊಳಗೆ ಎರಡು ಕಿಲೋಮೀಟರ್ ಕೆಳಗಿನ ಶಿಬಿರದ ಪ್ರಯೋಗಾಲಯಕ್ಕೆ ಮುಟ್ಟಿಸಿದರು; ತಡವಾದರೆ ರಕ್ತಕಣಗಳೇ ಇದ್ದ ಆಮ್ಲಜನಕ ತಿಂದು ಅಂಕಿ ಸುಳ್ಳಾಗುತ್ತದೆ. ನಾಲ್ವರ ಸರಾಸರಿ ಆಮ್ಲಜನಕದ ಒತ್ತಡ 24.6 ಮಿಲಿಮೀಟರ್, ಒಬ್ಬರದು 19.1. ಆರೋಗ್ಯವಂತರಲ್ಲಿ ಇದು 90ರ ಮೇಲಿರುತ್ತದೆ. ಆಸ್ಪತ್ರೆಯಲ್ಲಿ 24 ಬಂದರೆ ತುರ್ತು ಗಂಟೆ ಹೊಡೆಯುತ್ತದೆ. ಇವರು ನಡೆದುಕೊಂಡು ಇಳಿದರು. ವಾರಗಟ್ಟಲೆ ಹಂತಹಂತವಾಗಿ ಏರಿ ಒಗ್ಗಿಸಿಕೊಂಡ ದೇಹಕ್ಕೆ ಮಾತ್ರ ಇದು ಸಾಧ್ಯ.

ಅಡುಗೆಗೂ ಇದೇ ಒತ್ತಡದ ಕಾಟ. ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೆ ಕುದಿಯುತ್ತದೆ, 5,364 ಮೀಟರ್‌ನ ಬೇಸ್ ಕ್ಯಾಂಪಿನಲ್ಲಿ ಸುಮಾರು 83ಕ್ಕೆ, ತುದಿಯಲ್ಲಿ 72ಕ್ಕೆ. 83 ಡಿಗ್ರಿಯಲ್ಲಿ ಬೇಳೆ ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳೇ. ಕುಕ್ಕರ್ ಇಲ್ಲದೆ ಕ್ಯಾಂಪ್ ನಡೆಯದು. ಅದರ ಮುಚ್ಚಳದ ಮೇಲಿನ ಸೀಟಿಯ ತೂಕ ಹೊರಗಿನ ಒತ್ತಡದ ಮೇಲೆ ಇನ್ನೊಂದು ವಾತಾವರಣದಷ್ಟನ್ನು ಮಾತ್ರ ಸೇರಿಸುತ್ತದೆ. ಹೊರಗಿನದೇ ಅರ್ಧ ಇರುವಾಗ ಒಳಗಿನ ಬಿಸಿ ಕಡಲ ದಂಡೆಯ 121 ಡಿಗ್ರಿಯ ಬದಲು 113ರ ಹತ್ತಿರ ನಿಲ್ಲುತ್ತದೆ. ಊರಲ್ಲಿ ಮೂರು ಸೀಟಿಗೆ ಬೇಯುವುದಕ್ಕೆ ಅಲ್ಲಿ ಹೆಚ್ಚು ಹೊತ್ತು ಬೇಕು, ಬೇಳೆ ಮೊದಲೇ ನೆನೆಸಿದ್ದರೆ ಒಳ್ಳೆಯದು.

ಸಿಲಿಂಡರ್ ಇದ್ದ ಮಾತ್ರಕ್ಕೆ ಕೆಳಗಿನ ಗಾಳಿ ಸಿಗುತ್ತದೆಂದಲ್ಲ. ಸಾಮಾನ್ಯ ಸಿಲಿಂಡರ್ ನಾಲ್ಕು ಲೀಟರ್‌ನದು, 300 ಬಾರ್ ಒತ್ತಡಕ್ಕೆ ತುಂಬಿದ್ದು. ಅಂದರೆ ಸುಮಾರು 1,200 ಲೀಟರ್ ಅನಿಲ. ನಿಮಿಷಕ್ಕೆ ಎರಡು ಲೀಟರ್ ಬಿಟ್ಟರೆ ಹತ್ತು ಗಂಟೆ, ನಾಲ್ಕು ಬಿಟ್ಟರೆ ಐದೇ ಗಂಟೆ. ಕೊನೆಯ ಶಿಬಿರ ಸೌತ್ ಕೋಲ್‌ನಿಂದ ತುದಿಗೆ ಹೋಗಿಬರಲು ಹದಿನೈದು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ಕಿರಿದಾದ ಏಣಿನಲ್ಲಿ ಮುಂದಿನವರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕು. ಎರಡು ಗಂಟೆ ಸಾಲಿನಲ್ಲಿ ಕಾದರೆ 240 ಲೀಟರ್, ಸಿಲಿಂಡರ್‌ನ ಐದನೇ ಒಂದು ಪಾಲು, ಒಂದು ಹೆಜ್ಜೆಯೂ ಇಡದೆ ಖರ್ಚು. 2019ರ ಮೇನಲ್ಲಿ ಸುದ್ದಿಯಾದ, ತುದಿಯ ಬಳಿ ಹತ್ತುವವರು ಕಾದು ನಿಂತ ಉದ್ದ ಸಾಲಿನ ಚಿತ್ರವನ್ನು ಈ ಲೆಕ್ಕ ಇಟ್ಟುಕೊಂಡು ನೋಡಬೇಕು. ಚಳಿಯಲ್ಲಿ ಮೀಟರ್ ಕೂಡ ದಾರಿ ತಪ್ಪಿಸುತ್ತದೆ: ಬೆಚ್ಚಗಿನ ಊರಲ್ಲಿ 300 ತೋರಿಸಿದ ಸಿಲಿಂಡರ್ ಮೈನಸ್ 30 ಡಿಗ್ರಿಯಲ್ಲಿ 250 ತೋರಿಸುತ್ತದೆ, ಅನಿಲ ಸೋರಿಲ್ಲದಿದ್ದರೂ. ಸೋರಿದ್ದನ್ನು ಚಳಿಯ ತಲೆಗೆ ಕಟ್ಟಿ ಸುಮ್ಮನಾಗುವ ತಪ್ಪೂ ಇಲ್ಲೇ ಆಗುವುದು. ಉಸಿರಿನ ತೇವ ಮಾಸ್ಕ್‌ನ ಕವಾಟದಲ್ಲಿ ಹೆಪ್ಪುಗಟ್ಟುತ್ತದೆ. ಆಗಾಗ ರಬ್ಬರ್ ಹಿಚುಕಿ ಮಂಜು ಒಡೆಯದಿದ್ದರೆ ಸಿಲಿಂಡರ್ ತುಂಬಿದ್ದೂ ಉಸಿರು ಕಟ್ಟುತ್ತದೆ.

ಎಲ್ಲರೂ ಮೇ ಮೂರನೆಯ ವಾರದ ಆಸುಪಾಸಿನಲ್ಲೇ ಮುಗಿಬೀಳುವುದಕ್ಕೂ ಕಾರಣವಿದೆ, ಅದು ನಮ್ಮ ಮುಂಗಾರಿಗೆ ಸೇರಿದ್ದು. ಚಳಿಗಾಲವಿಡೀ ಪಶ್ಚಿಮದ ಜೆಟ್ ಗಾಳಿ, ಅಂದರೆ ಬಹಳ ಎತ್ತರದಲ್ಲಿ ರಭಸದಿಂದ ಹರಿಯುವ ಗಾಳಿಯ ಹೊಳೆ, ಹಿಮಾಲಯದ ಮೇಲೇ ಹರಿಯುತ್ತದೆ, ಶಿಖರದಲ್ಲಿ ಗಂಟೆಗೆ ನೂರು ಕಿಲೋಮೀಟರ್ ದಾಟುವುದು ಮಾಮೂಲು. ಕೇರಳ, ಕರಾವಳಿಗೆ ಮುಂಗಾರು ಬರುವ ಹೊತ್ತಿಗೆ ಈ ಜೆಟ್ ಟಿಬೆಟ್‌ನ ಉತ್ತರಕ್ಕೆ ಸರಿಯುತ್ತದೆ. ಜೆಟ್ ಹೋಗಿ ಮಳೆಮೋಡ ಇನ್ನೂ ಬಾರದ ಕೆಲವೇ ದಿನ ತುದಿಯಲ್ಲಿ ಗಾಳಿ ತಗ್ಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ಒಂದು ಚಂಡಮಾರುತ ಎದ್ದರೆ ಆ ದಿನಗಳೂ ಕೈತಪ್ಪುತ್ತವೆ.

ಇಷ್ಟೆಲ್ಲ ಸಲಕರಣೆಯಿಲ್ಲದೆ ಹಿಮಾಲಯ ದಾಟುವವು ಪಟ್ಟೆತಲೆ ಹೆಬ್ಬಾತುಗಳು. ಟಿಬೆಟ್, ಮಂಗೋಲಿಯಾ ಕಡೆಯಿಂದ ಬಂದು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ಹಗಲು ನೀರಿನಲ್ಲಿ, ಹೊತ್ತು ಇಳಿದರೆ ಸುತ್ತಲ ಶೇಂಗಾ, ಕಡಲೆ ಹೊಲಗಳಲ್ಲಿ. ಎವರೆಸ್ಟ್ ತುದಿಯ ಮೇಲೆ ಹಾರುವ ಹಕ್ಕಿ ಎಂದು ಇವುಗಳ ಪರಿಚಯ ಮಾಡಿಕೊಡುವುದು ರೂಢಿಯಾಗಿದೆ. ಇವುಗಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬೇರೆ ಬಾತುಗಳದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತದೆ ಎಂಬುದು ನಿಜ. ಆದರೆ ಟ್ರಾನ್ಸ್‌ಮಿಟರ್ ಕಟ್ಟಿ ಹಿಂಬಾಲಿಸಿದಾಗ ದಾಖಲಾದ ಅತಿ ಹೆಚ್ಚಿನ ಎತ್ತರ 7,290 ಮೀಟರ್, ಅದೂ ಅಲ್ಪಹೊತ್ತು; ಬಹುಪಾಲು ಹಾರಾಟ 6,000 ಮೀಟರ್‌ಗಿಂತ ಕೆಳಗೆ. ತೆಳು ಗಾಳಿಯಲ್ಲಿ ರೆಕ್ಕೆಗೆ ಆಸರೆ ಸಾಲದು, ಹೆಚ್ಚು ಬಡಿಯಬೇಕು, ಹೃದಯದ ಕೆಲಸ ಏರುತ್ತದೆ. ಅದಕ್ಕೇ ಅವು ನೆಲದ ಏರಿಳಿತವನ್ನು ಅನುಸರಿಸಿ, ದಿಣ್ಣೆ ಬಂದಾಗ ಏರಿ, ಕಣಿವೆ ಬಂದ ಕೂಡಲೇ ಗಳಿಸಿದ ಎತ್ತರವನ್ನೆಲ್ಲ ಬಿಟ್ಟುಕೊಟ್ಟು ಇಳಿದು, ಮತ್ತೆ ಏರುತ್ತವೆ. ಒಂದೇ ಎತ್ತರದಲ್ಲಿ ನೇರ ಹಾರುವುದಕ್ಕಿಂತ ಇದರಲ್ಲಿ ಶಕ್ತಿ ಉಳಿಯುತ್ತದೆ ಎಂದು 2015ರಲ್ಲಿ ಅವುಗಳ ಹೃದಯಬಡಿತ ಅಳೆದು ನೋಡಿದವರು ತೋರಿಸಿದರು. ತಗ್ಗಿನ ಕಣಿವೆ ಪಕ್ಕದಲ್ಲೇ ಇರುವಾಗ 8,848 ಮೀಟರ್‌ನ ತುದಿಯ ಮೇಲೆ ಹೋಗಬೇಕಾದ ದರ್ದು ಅವಕ್ಕಿಲ್ಲ.